ಇಂಗ್ಲೆಂಡನ್ನು ಸೋಲಿಸಿ ಶಾಲೆಗೆ ಮರಳಿದ ಮೇಷ್ಟ್ರು

2018ರ ಜೂನ್ 18ರ ರಾತ್ರಿ ಹನ್ನೊಂದೂವರೆಗೆ ನಾನು ಟಿ.ವಿ. ಮುಂದೆ ಕೂತಿದ್ದೆ. ರಷ್ಯಾದ ವೋಲ್ಗೊಗ್ರಾಡ್‌ನಲ್ಲಿ ಇಂಗ್ಲೆಂಡ್ ಮತ್ತು ಟ್ಯುನೀಷಿಯಾ ನಡುವೆ ವಿಶ್ವಕಪ್ ಪಂದ್ಯ. ಕೊನೆಯ ಗಳಿಗೆಯಲ್ಲಿ ಹ್ಯಾರಿ ಕೇನ್ ಗೋಲು ಹೊಡೆದು ಇಂಗ್ಲೆಂಡ್ 2-1ರಿಂದ ಗೆದ್ದಿತು. ನಿದ್ದೆಗೆಟ್ಟದ್ದು ಸಾರ್ಥಕವಾಯಿತು ಅಂದುಕೊಂಡು ಮಲಗಿದೆ. ಒಂದೆರಡು ದಿನ ಕಳೆದ ಮೇಲೆ ಪತ್ರಿಕೆಯೊಂದರಲ್ಲಿ ಸಣ್ಣ ಸುದ್ದಿ ಕಣ್ಣಿಗೆ ಬಿತ್ತು. ವಾಲ್ಟರ್ ಬಾರ್ ಎಂಬ ಅಮೆರಿಕದ ಹಳೆಯ ಆಟಗಾರರು ಅದೇ ಜೂನ್ 18ರಂದು ತೀರಿಕೊಂಡಿದ್ದರು. ವಯಸ್ಸು 91. 1950ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡನ್ನು ಸೋಲಿಸಿದ ಅಮೆರಿಕದ ಹನ್ನೊಂದು ಜನರಲ್ಲಿ ಉಳಿದಿದ್ದ ಕೊನೆಯವರು ಅವರು.

ಸುದ್ದಿಯ ಮುಕ್ಕಾಲು ಭಾಗ ಆ ಒಂದು ಪಂದ್ಯದ ಬಗ್ಗೆ ಇತ್ತು. ಕೊನೆಯ ಸಾಲಿನಲ್ಲಿ ಮಾತ್ರ, ಆಮೇಲೆ ಅವರು ಕಾಲೇಜು ತಂಡಗಳ ಕೋಚ್ ಆಗಿದ್ದರು ಎಂದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಸಾಲು. ಅದಕ್ಕೆ ಕಾರಣ ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಅವರು ಒಂದು ಕಾಲದಲ್ಲಿ ಒಳ್ಳೆಯ ಫುಟ್‌ಬಾಲ್ ಆಟಗಾರರಾಗಿದ್ದರಂತೆ. 'ಅಂತೆ' ಎಂದೇ ಹೇಳಬೇಕು, ಯಾಕೆಂದರೆ ನಾವ್ಯಾರೂ ಅವರನ್ನು ಕೇಳಲಿಲ್ಲ. ಅವರ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ಪೋರ್ಷನ್ ಮುಗಿಸಲು ತೆಗೆದುಕೊಳ್ಳುತ್ತಿದ್ದರು. ಪಿ.ಟಿ. ಮೇಷ್ಟ್ರು ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಕಾರಿಡಾರಿನಲ್ಲಿ ಹಿಂದಿರುಗಿ ಹೋಗುತ್ತಿದ್ದುದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವಾಲ್ಟರ್ ಬಾರ್ ಕೂಡ ಅಂಥ ಒಬ್ಬ ಮೇಷ್ಟ್ರೇ ಎಂದು ತಿಳಿದಾಗ ಅವರ ಬದುಕಿನ ಬೆನ್ನು ಹತ್ತಿದೆ.

ವಾಲ್ಟರ್ ಬಾರ್ ಹುಟ್ಟಿದ್ದು 1927ರ ಏಪ್ರಿಲ್ 1ರಂದು, ಫಿಲಡೆಲ್ಫಿಯಾದಲ್ಲಿ. ಬೆಳೆದದ್ದು ಅಲ್ಲಿನ ಕೆನ್ಸಿಂಗ್ಟನ್ ಎಂಬ ಬಟ್ಟೆ ಗಿರಣಿಗಳ ಬಡಾವಣೆಯಲ್ಲಿ. ಬ್ರಿಟನ್, ಐರ್ಲೆಂಡ್, ಜರ್ಮನಿಯಿಂದ ಗಿರಣಿ ಕೆಲಸಕ್ಕೆ ಬಂದವರು ಜೊತೆಗೆ ತಮ್ಮ ಆಟವನ್ನೂ ತಂದಿದ್ದರು. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವುದು ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟವನ್ನು. ನಮ್ಮ ಫುಟ್‌ಬಾಲ್ ಅವರಿಗೆ 'ಸಾಕರ್'. ವಲಸೆಗಾರರ ಆಟ, ಹೊರಗಿನವರ ಆಟ ಎಂಬ ತಾತ್ಸಾರ ಅದರ ಮೇಲೆ ಬಹುಕಾಲ ಇತ್ತು. ಆದರೆ ಕೆನ್ಸಿಂಗ್ಟನ್ನಿನ ಹುಡುಗರಿಗೆ ಅದು ಬೀದಿಯ ಆಟ. ಅಲ್ಲಿ ಲೈಟ್‌ಹೌಸ್ ಬಾಯ್ಸ್ ಕ್ಲಬ್ ಎಂಬ ಸಂಸ್ಥೆ ಕಾರ್ಮಿಕರ ಮಕ್ಕಳಿಗೆ ಆಟ ಕಲಿಸುತ್ತಿತ್ತು. ವಾಲ್ಟರ್ ಆಡಲು ಕಲಿತದ್ದು ಅಲ್ಲಿಯೇ. ಮುಂದೆ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಓದಿ ದೈಹಿಕ ಶಿಕ್ಷಣದ ಮೇಷ್ಟ್ರಾದರು.

1948ರಲ್ಲಿ ಲಂಡನ್ ಒಲಿಂಪಿಕ್ಸ್‌ಗೆ ಹೋದ ಅಮೆರಿಕ ತಂಡದಲ್ಲಿ ಅವರಿದ್ದರು. ಇದು ನಮಗೂ ನೆನಪಿರಬೇಕಾದ ಒಲಿಂಪಿಕ್ಸ್. ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಮೊದಲ ಸಲ ಒಲಿಂಪಿಕ್ಸ್ ಆಡಿದ್ದು ಅಲ್ಲಿ. ಜುಲೈ 31ರಂದು ಇಲ್ಫರ್ಡ್ ಎಂಬಲ್ಲಿ ಬಹುಪಾಲು ಬರಿಗಾಲಿನಲ್ಲಿ ಆಡಿದ ನಮ್ಮವರು ಫ್ರಾನ್ಸ್ ಎದುರು 2-1ರಿಂದ ಸೋತರು. ಸಿಕ್ಕಿದ್ದ ಎರಡು ಪೆನಾಲ್ಟಿಗಳನ್ನೂ ಕಳೆದುಕೊಂಡಿದ್ದರು. ಭಾರತದ ಆ ಒಂದೇ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದರು. ಅದಾಗಿ ಎರಡು ದಿನಕ್ಕೆ, ಆಗಸ್ಟ್ 2ರಂದು, ಅದೇ ಲಂಡನ್ನಿನ ಬ್ರೆಂಟ್‌ಫರ್ಡ್‌ನಲ್ಲಿ ಅಮೆರಿಕ ಇಟಲಿಗೆ 9-0ಯಿಂದ ಸೋತಿತು. ಎರಡೂ ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಹೋದವು. ಆ ವಾರ ನೋಡಿದವರು ಇಬ್ಬರಲ್ಲಿ ಭಾರತಕ್ಕೇ ಹೆಚ್ಚು ಭವಿಷ್ಯವಿದೆ ಎಂದು ಹೇಳಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ.

ಊರಿಗೆ ಮರಳಿದ ಬಾರ್ ಫಿಲಡೆಲ್ಫಿಯಾ ನ್ಯಾಷನಲ್ಸ್ ಎಂಬ ವೃತ್ತಿಪರ ತಂಡಕ್ಕೆ ಆಡಿದರು. 'ವೃತ್ತಿಪರ' ಎಂದರೆ ಈಗಿನ ಕೋಟಿಗಳ ಲೆಕ್ಕ ಹಾಕಬಾರದು. ಅಮೆರಿಕನ್ ಸಾಕರ್ ಲೀಗ್ ಎಂಬ ಆ ಲೀಗ್ ಪೂರ್ವ ಕರಾವಳಿಯ ಕೆಲವು ಊರುಗಳಿಗೆ ಸೀಮಿತವಾದದ್ದು. ಆಟಗಾರರು ವಾರವೆಲ್ಲ ಬೇರೆ ಕೆಲಸ ಮಾಡಿ ವಾರಾಂತ್ಯದಲ್ಲಿ ಆಡುತ್ತಿದ್ದರು. ಬಾರ್ ವಾರದ ದಿನ ಶಾಲೆಯಲ್ಲಿ ಪಾಠ ಮಾಡಿ, ವಾರಾಂತ್ಯದಲ್ಲಿ ಮಿಡ್‌ಫೀಲ್ಡಿನಲ್ಲಿ, ಆಗಿನ ಭಾಷೆಯಲ್ಲಿ ಹಾಫ್‌ಬ್ಯಾಕ್ ಸ್ಥಾನದಲ್ಲಿ ಆಡುತ್ತಿದ್ದರು. ನ್ಯಾಷನಲ್ಸ್ 1949, 1950, 1951 ಮತ್ತು 1953ರಲ್ಲಿ ಲೀಗ್ ಗೆದ್ದಿತು.

ಹೀಗೆ ಬರುತ್ತದೆ 1950ರ ಬ್ರೆಜಿಲ್ ವಿಶ್ವಕಪ್.

ಅಮೆರಿಕ ಕಳಿಸಿದ ತಂಡವನ್ನು ನೋಡಿದರೆ ಒಂದು ಕಾರ್ಮಿಕರ ಕಾಲೋನಿ ಪ್ರವಾಸ ಹೊರಟಂತಿತ್ತು. ಗೋಲ್‌ಕೀಪರ್ ಫ್ರಾಂಕ್ ಬೋರ್ಗಿ ಸೇಂಟ್ ಲೂಯಿಯಲ್ಲಿ ಶವ ಸಾಗಿಸುವ ಗಾಡಿಯ ಡ್ರೈವರ್. ರಕ್ಷಣಾ ಆಟಗಾರ ಹ್ಯಾರಿ ಕಿಯೋ ಅಂಚೆ ಇಲಾಖೆಯವರು. ಮುಂಚೂಣಿ ಆಟಗಾರ ಜೋ ಗೇಟ್ಜೆನ್ಸ್ ಹೈಟಿಯಿಂದ ನ್ಯೂಯಾರ್ಕಿಗೆ ಓದಲು ಬಂದು, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗ. ನಮ್ಮ ವಾಲ್ಟರ್ ಬಾರ್ ಮೇಷ್ಟ್ರು. ಇವರಿಗೆ ಕೋಚ್ ಆಗಿ ಸಿಕ್ಕವರು ಬಿಲ್ ಜೆಫ್ರಿ. ಎಡಿನ್‌ಬರೋದಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ಆಲ್ಟೂನ ಎಂಬ ಊರಿನ ರೈಲ್ವೆ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. 1926ರಿಂದ ಪೆನ್ ಸ್ಟೇಟ್ ಎಂಬ ಕಾಲೇಜಿನ ತಂಡವನ್ನು ತಯಾರು ಮಾಡುತ್ತಿದ್ದರು. ರಾಷ್ಟ್ರೀಯ ತಂಡದ ಹೊಣೆ ಅವರಿಗೆ ಸಿಕ್ಕಿದ್ದು ಟೂರ್ನಿ ಹತ್ತಿರ ಬಂದ ಮೇಲೆ, ಬೇರೆಯವರು ಒಲ್ಲೆ ಎಂದದ್ದರಿಂದ. ಈ ಜೆಫ್ರಿ ಮತ್ತು ಆ ಪೆನ್ ಸ್ಟೇಟ್ ಹೆಸರುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೊದಲ ಪಂದ್ಯದಲ್ಲಿ ಅಮೆರಿಕ ಸ್ಪೇನ್ ಎದುರು ಬಹಳ ಹೊತ್ತು ಒಂದು ಗೋಲಿನ ಮುನ್ನಡೆಯಲ್ಲಿದ್ದು, ಕೊನೆಯ ಹತ್ತು ನಿಮಿಷದಲ್ಲಿ ಕುಸಿದು 3-1ರಿಂದ ಸೋತಿತು. ಎರಡನೆಯದು ಜೂನ್ 29ರಂದು, ಬೆಲೊ ಹೊರಿಜಾಂಟೆಯಲ್ಲಿ, ಇಂಗ್ಲೆಂಡ್ ಎದುರು. ಆಟ ಹುಟ್ಟಿದ ದೇಶ ತಾನೆಂಬ ಹಮ್ಮಿನಲ್ಲಿ ಅಲ್ಲಿಯತನಕ ವಿಶ್ವಕಪ್ಪಿಗೇ ಬಾರದಿದ್ದ ಇಂಗ್ಲೆಂಡಿಗೆ ಅದು ಮೊದಲ ವಿಶ್ವಕಪ್. ಬಿಲ್ಲಿ ರೈಟ್, ಟಾಮ್ ಫಿನ್ನಿ, ಸ್ಟಾನ್ ಮಾರ್ಟೆನ್ಸನ್, ಆಲ್ಫ್ ರ್‍ಯಾಮ್ಸೆ ಮೊದಲಾದ ಘಟಾನುಘಟಿಗಳು ಅಂಗಳದಲ್ಲಿದ್ದರು. ಸ್ಟಾನ್ಲಿ ಮ್ಯಾಥ್ಯೂಸ್‌ಗೆ ಈ ಪಂದ್ಯಕ್ಕೆ ವಿಶ್ರಾಂತಿ ಕೊಟ್ಟಿದ್ದರು.

ಇಂಗ್ಲೆಂಡ್ ಒಂದೇ ಸಮನೆ ದಾಳಿ ಮಾಡಿತು. ಚೆಂಡು ಕಂಬಕ್ಕೆ ಬಡಿಯಿತು, ಬೋರ್ಗಿಯ ಕೈಗೆ ಬಡಿಯಿತು, ಗೋಲಿನೊಳಗೆ ಮಾತ್ರ ಹೋಗಲಿಲ್ಲ. ಮೊದಲಾರ್ಧ ಮುಗಿಯಲು ಏಳೆಂಟು ನಿಮಿಷ ಇರುವಾಗ ಅಮೆರಿಕಕ್ಕೆ ಒಂದು ಥ್ರೋ-ಇನ್ ಸಿಕ್ಕಿತು. ಎಸೆದವರು ಎಡ್ ಮೆಕ್‌ಇಲ್ವೆನಿ. ಸಾಮಾನ್ಯವಾಗಿ ತಂಡದ ನಾಯಕ ಬಾರ್ ಅವರೇ ಆದರೂ ಆ ದಿನ ನಾಯಕತ್ವ ಮೆಕ್‌ಇಲ್ವೆನಿಯದಾಗಿತ್ತು. ಚೆಂಡು ಹಿಡಿದ ಬಾರ್ ಎರಡು ಹೆಜ್ಜೆ ಮುಂದೆ ಹೋಗಿ, ಸುಮಾರು ಇಪ್ಪತ್ತೈದು ಗಜ ದೂರದಿಂದ ಗೋಲಿನತ್ತ ಒದ್ದರು. ಇಂಗ್ಲೆಂಡಿನ ಗೋಲ್‌ಕೀಪರ್ ಬರ್ಟ್ ವಿಲಿಯಮ್ಸ್ ಅದನ್ನು ಹಿಡಿಯಲು ತನ್ನ ಬಲಕ್ಕೆ ಸರಿದರು. ಅಷ್ಟರಲ್ಲಿ ಜನಜಂಗುಳಿಯ ನಡುವಿನಿಂದ ಗೇಟ್ಜೆನ್ಸ್ ಮುಂದಕ್ಕೆ ಹಾರಿ ತಲೆಯೊಡ್ಡಿದ. ಚೆಂಡು ದಿಕ್ಕು ತಪ್ಪಿ ಗೋಲಿನ ಇನ್ನೊಂದು ಬದಿಗೆ ಹೋಯಿತು. 1-0. ಕೊನೆಯತನಕ ಅದೇ ಅಂಕ ಉಳಿಯಿತು.

ಗೇಟ್ಜೆನ್ಸ್ ಬೇಕೆಂದೇ ತಲೆ ಕೊಟ್ಟನೋ, ಚೆಂಡು ತಾನಾಗಿ ಬಂದು ತಲೆಗೆ ಬಡಿಯಿತೋ ಎಂಬ ವಾದ ಬಹುಕಾಲ ನಡೆಯಿತು. ಬಾರ್ ಮಾತ್ರ ಗೇಟ್ಜೆನ್ಸ್ ಪರವಾಗಿಯೇ ನಿಂತರು. ಅಂಥ ಅಸಾಧ್ಯ ಗೋಲು ಹೊಡೆಯುವುದು ಅವನ ಸ್ವಭಾವವೇ ಆಗಿತ್ತು ಎನ್ನುವುದು ಅವರ ಅಭಿಪ್ರಾಯ. ತನ್ನ ಹೊಡೆತದ ಶ್ರೇಯಸ್ಸನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವುದು ಮೇಷ್ಟ್ರುಗಳಿಗೆ ಸಹಜವಾಗಿ ಬರುವ ಗುಣವಿರಬೇಕು.

ಈ ವಿಶ್ವಕಪ್ಪಿನ ಬಗ್ಗೆ ಎರಡು ಕಟ್ಟುಕಥೆಗಳು ಇಂದಿಗೂ ಓಡಾಡುತ್ತಿವೆ. ಒಂದು, ಇಂಗ್ಲೆಂಡಿನ ಪತ್ರಿಕೆಗಳು 0-1 ಎಂಬ ಸುದ್ದಿ ನೋಡಿ, ತಂತಿಯಲ್ಲಿ ತಪ್ಪಾಗಿರಬೇಕೆಂದು 10-1ರಿಂದ ಇಂಗ್ಲೆಂಡ್ ಗೆದ್ದಿತೆಂದು ಅಚ್ಚು ಹಾಕಿದವು ಎಂಬುದು. ಹುಡುಕಿದವರಿಗೆ ಅಂಥ ಪತ್ರಿಕೆ ಸಿಕ್ಕಿಲ್ಲ. ಇನ್ನೊಂದು ನಮ್ಮದು. ಅದೇ ವಿಶ್ವಕಪ್ಪಿಗೆ ಭಾರತಕ್ಕೂ ಸ್ಥಾನ ಸಿಕ್ಕಿತ್ತು. ಇಟಲಿ, ಸ್ವೀಡನ್, ಪೆರುಗ್ವೆ ಇದ್ದ ಗುಂಪಿನಲ್ಲಿ ನಾವಿದ್ದೆವು. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಭಾರತ ಹೋಗಲಿಲ್ಲ ಎಂದು ಶಾಲೆಯಲ್ಲಿ ನಾನೂ ಕೇಳಿದ್ದೇನೆ. ಆಗ ನಮ್ಮ ಫುಟ್‌ಬಾಲ್ ಫೆಡರೇಷನ್ ಕೊಟ್ಟ ಕಾರಣ ಬೇರೆ: ತಂಡದ ಆಯ್ಕೆಯಲ್ಲಿ ಒಮ್ಮತವಿಲ್ಲ, ಅಭ್ಯಾಸಕ್ಕೆ ಸಮಯ ಸಾಲದು. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ದೊಡ್ಡದೆಂದು ಆಗ ನಮ್ಮವರಿಗೆ ಅನ್ನಿಸಿರಲಿಲ್ಲ. ಅಭ್ಯಾಸಕ್ಕೆ ಸಮಯವಿಲ್ಲವೆಂದು ನಾವು ಮನೆಯಲ್ಲಿ ಉಳಿದೆವು. ನಮಗಿಂತ ಹೆಚ್ಚು ಅಭ್ಯಾಸವಿಲ್ಲದ ಮೇಷ್ಟ್ರು, ಅಂಚೆಯವರು, ಪಾತ್ರೆ ತೊಳೆಯುವವರು ಹಡಗಿನಷ್ಟು ದೊಡ್ಡ ಇಂಗ್ಲೆಂಡನ್ನು ಮುಳುಗಿಸಿದರು. ಇದನ್ನು ಓದಿದಾಗ ನನಗೆ ನಗು ಬರಲಿಲ್ಲ.

ಆದರೆ ಗೆದ್ದ ದೇಶವೇ ಗೆಲುವನ್ನು ಗಮನಿಸಲಿಲ್ಲ ಎಂಬುದು ಕಥೆಯ ಮುಂದಿನ ಭಾಗ. ಬ್ರೆಜಿಲಿನ ಪ್ರೇಕ್ಷಕರು ಗೇಟ್ಜೆನ್ಸ್‌ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅಮೆರಿಕದಿಂದ ಮಾತ್ರ ಅಲ್ಲಿಗೆ ಹೋಗಿದ್ದ ವರದಿಗಾರರು ಒಬ್ಬರೇ. ಸೇಂಟ್ ಲೂಯಿಯ ಪತ್ರಿಕೆಯ ಡೆಂಟ್ ಮೆಕ್‌ಸ್ಕಿಮ್ಮಿಂಗ್. ಅವರೂ ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಹೋದವರು. ಪಂದ್ಯಕ್ಕೆ ನಾಲ್ಕು ದಿನ ಮೊದಲು ಕೊರಿಯಾ ಯುದ್ಧ ಶುರುವಾಗಿತ್ತು. ಮುಂದಿನ ಪಂದ್ಯದಲ್ಲಿ ಅಮೆರಿಕ ಚಿಲಿಗೆ 5-2ರಿಂದ ಸೋತು ಟೂರ್ನಿಯಿಂದ ಹೊರಬಿತ್ತು. ವಿಮಾನ ನಿಲ್ದಾಣದಲ್ಲಿ ತನ್ನನ್ನು ಎದುರುಗೊಳ್ಳಲು ಬಂದವಳು ಹೆಂಡತಿಯೊಬ್ಬಳೇ ಎಂದು ಬಾರ್ ಮುಂದೆ ಹೇಳಿಕೊಳ್ಳುತ್ತಿದ್ದರು.

ಕೆಲವರ ಬದುಕನ್ನು ಆ ಪಂದ್ಯ ಬದಲಿಸಿತು. ಮೆಕ್‌ಇಲ್ವೆನಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದರು. ಗೇಟ್ಜೆನ್ಸ್ ಪ್ಯಾರಿಸ್ಸಿನ ಕ್ಲಬ್ಬಿಗೆ ಹೋಗಿ, ಕೆಲವು ವರ್ಷಗಳ ನಂತರ ಹೈಟಿಗೆ ಮರಳಿದ. ಅವನ ಮನೆಯವರು ಸರ್ವಾಧಿಕಾರಿ ಡುವಾಲಿಯೆಯ ಎದುರಾಳಿಗಳ ಕಡೆಯವರು. 1964ರ ಜುಲೈ 8ರಂದು ಡುವಾಲಿಯೆಯ ಗೂಂಡಾ ಪಡೆ ಅವನನ್ನು ಎಳೆದುಕೊಂಡು ಹೋಯಿತು. ಮತ್ತೆ ಅವನು ಬರಲಿಲ್ಲ, ಶವವೂ ಸಿಗಲಿಲ್ಲ. ಜಗತ್ತಿನ ಅತಿ ಅಚ್ಚರಿಯ ಗೋಲು ಹೊಡೆದವನಿಗೆ ಒಂದು ಸಮಾಧಿಯೂ ಇಲ್ಲ.

ಬಾರ್ ಶಾಲೆಗೆ ಮರಳಿದರು. ಮುಂದೆ ಫಿಲಡೆಲ್ಫಿಯಾದ ಯೂರಿಕ್ ಟ್ರಕರ್ಸ್ ತಂಡದ ಜೊತೆ 1955, 1956ರಲ್ಲೂ ಲೀಗ್ ಗೆದ್ದರು. ಒಟ್ಟು 19 ಪಂದ್ಯಗಳನ್ನು ದೇಶಕ್ಕಾಗಿ ಆಡಿದರು. ಆಡುವ ವಯಸ್ಸು ಮುಗಿದ ಮೇಲೂ ಚೆಂಡು ಬಿಡಲಿಲ್ಲ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾ ಆಟ ಕಲಿಸಿದರು. 1970ರಲ್ಲಿ ತಾವೇ ಓದಿದ ಟೆಂಪಲ್ ವಿಶ್ವವಿದ್ಯಾಲಯದ ಕೋಚ್ ಆದರು. 1974ರಲ್ಲಿ ಪೆನ್ ಸ್ಟೇಟ್‌ಗೆ ಬಂದರು. ಹೌದು, ಬೆಲೊ ಹೊರಿಜಾಂಟೆಯಲ್ಲಿ ತಮಗೆ ಕೋಚ್ ಆಗಿದ್ದ ಬಿಲ್ ಜೆಫ್ರಿ ಇಪ್ಪತ್ತೇಳು ಸೀಸನ್ ದುಡಿದ ಅದೇ ಪೆನ್ ಸ್ಟೇಟ್. ಜೆಫ್ರಿ 1966ರಲ್ಲಿ ತೀರಿಹೋಗಿದ್ದರು. ಅಲ್ಲಿನ ಸಾಕರ್ ಮೈದಾನಕ್ಕೆ ಅವರ ಹೆಸರಿಟ್ಟು 'ಜೆಫ್ರಿ ಫೀಲ್ಡ್' ಎಂದು ಕರೆಯುತ್ತಾರೆ. ಗುರುವಿನ ಹೆಸರಿನ ಮೈದಾನದಲ್ಲಿ ಶಿಷ್ಯ ಹದಿನೈದು ವರ್ಷ ಪಾಠ ಮಾಡಿದರು.

ಅಮೆರಿಕದ ಕಾಲೇಜು ಕ್ರೀಡೆಯ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ನಮ್ಮಲ್ಲಿ ಕಾಲೇಜಿನ ಆಟವೆಂದರೆ ಓದಿನ ಪಕ್ಕದ ಹವ್ಯಾಸ. ಅಲ್ಲಿ ಆಟಗಾರರು ತಯಾರಾಗುವ ಮುಖ್ಯ ದಾರಿಗಳಲ್ಲೊಂದು ಕಾಲೇಜು. ಕೋಚ್ ಹೈಸ್ಕೂಲುಗಳನ್ನು ಸುತ್ತಿ ಹುಡುಗರನ್ನು ಆರಿಸುತ್ತಾರೆ, ವಿದ್ಯಾರ್ಥಿವೇತನ ಕೊಡಿಸುತ್ತಾರೆ. ಸಾಕರ್ ಸೀಸನ್ ನಡೆಯುವುದು ಆಗಸ್ಟ್ ಕೊನೆಯಿಂದ ಡಿಸೆಂಬರ್ ತನಕ. ಕಾಲೇಜುಗಳ ರಾಷ್ಟ್ರೀಯ ಟೂರ್ನಿ 1959ರಿಂದ ಇದೆ. ನಾಲ್ಕು ವರ್ಷ ಮುಗಿದ ಕೂಡಲೇ ತಾನು ತಿದ್ದಿದ ಹುಡುಗ ಹೊರಟುಹೋಗುತ್ತಾನೆ. ಮತ್ತೆ ಮೊದಲಿನಿಂದ ಶುರು. ಕ್ಲಬ್ ಕೋಚ್‌ಗೆ ಆಟಗಾರ ಹತ್ತು ವರ್ಷ ಸಿಗಬಹುದು, ಕಾಲೇಜು ಕೋಚ್‌ಗೆ ಸಿಗುವುದು ಬ್ಯಾಚುಗಳು. ಮೇಷ್ಟ್ರ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಪೆನ್ ಸ್ಟೇಟ್‌ನಲ್ಲಿ ಬಾರ್ ತಂಡ 185 ಪಂದ್ಯ ಗೆದ್ದು, 66 ಸೋತು, 22 ಸಮ ಮಾಡಿಕೊಂಡಿತು. ಹದಿನೈದು ಸೀಸನ್ನುಗಳಲ್ಲಿ ಹನ್ನೆರಡು ಸಲ ರಾಷ್ಟ್ರೀಯ ಟೂರ್ನಿಗೆ ಹೋಯಿತು. 1979ರಲ್ಲಿ ಕೊನೆಯ ನಾಲ್ಕರ ಘಟ್ಟ ಮುಟ್ಟಿತು. ಆ ವರ್ಷ ದೇಶದ ಅತ್ಯುತ್ತಮ ಕಾಲೇಜು ಕೋಚ್ ಎಂಬ ಗೌರವವೂ ಅವರಿಗೆ ಬಂತು. ಪ್ರಶಸ್ತಿ ಮಾತ್ರ ಒಮ್ಮೆಯೂ ಗೆಲ್ಲಲಿಲ್ಲ. ಅದೇ ಕ್ಯಾಂಪಸ್ಸಿನಲ್ಲಿ ಬೀವರ್ ಸ್ಟೇಡಿಯಂ ಇದೆ. 1970ರ ದಶಕದ ಕೊನೆಗೆ ಅಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂತು ನೋಡುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲನ್ನು. ಸಾಕರ್ ಆ ದೊಡ್ಡ ಆಟದ ನೆರಳಿನಲ್ಲಿ ಬದುಕುತ್ತಿತ್ತು.

ಆ ನೆರಳು ಅವರ ಮನೆಯೊಳಗೂ ಬಂತು. ಬಾರ್ ಅವರ ಮೂವರು ಗಂಡುಮಕ್ಕಳಾದ ಕೇಸಿ, ಕ್ರಿಸ್, ಮ್ಯಾಟ್ ಮೂವರೂ ಅಪ್ಪನ ಹಾಗೆ ಸಾಕರ್ ಕಲಿತು ವೃತ್ತಿಪರ ತಂಡಗಳಿಗೆ ಆಡಿದವರು. ಕೇಸಿ 1972ರ ಒಲಿಂಪಿಕ್ಸ್ ತಂಡದಲ್ಲೂ ಇದ್ದರು. ಪೆನ್ ಸ್ಟೇಟ್‌ನಲ್ಲಿ ಓದಿದ ಕ್ರಿಸ್ 1975ರಲ್ಲಿ ನಾರ್ತ್ ಅಮೆರಿಕನ್ ಸಾಕರ್ ಲೀಗಿನ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡರು. ಆದರೆ ಮುಂದಿನ ವರ್ಷವೇ ಕ್ರಿಸ್ ಅಮೆರಿಕನ್ ಫುಟ್‌ಬಾಲಿಗೆ ಹೋದರು, ಹಿಂದೆಯೇ ಮ್ಯಾಟ್ ಕೂಡ. ಆ ಆಟದಲ್ಲಿ ಚೆಂಡನ್ನು ಕಂಬಗಳ ನಡುವೆ ಒದೆಯಲೆಂದೇ ಒಬ್ಬ ಆಟಗಾರ ಇರುತ್ತಾನೆ. ಸಾಕರ್ ಕಲಿತವರು ಕಾಲಿನ ಒಳಬದಿಯಿಂದ ಬಳಸಿ ಒದೆಯುವ ರೀತಿ 1960ರ ದಶಕದಲ್ಲಿ ಅಲ್ಲಿ ಬೇರೂರಿತ್ತು. ಅಣ್ಣತಮ್ಮಂದಿರು ತಲಾ ಎರಡು ಸೂಪರ್ ಬೌಲ್ ಗೆದ್ದರು. 1991ರ ಸೂಪರ್ ಬೌಲನ್ನು ನ್ಯೂಯಾರ್ಕ್ ಜೈಂಟ್ಸ್ 20-19ರಿಂದ ಗೆದ್ದಾಗ ನಿರ್ಣಾಯಕ ಅಂಕ ತಂದದ್ದು ಮ್ಯಾಟ್ ಒದೆತ. ಅದನ್ನು ನೋಡಿದ ಕೋಟ್ಯಂತರ ಅಮೆರಿಕನ್ನರ ಪಾಲಿಗೆ ವಾಲ್ಟರ್ ಬಾರ್ ಎಂದರೆ ಮ್ಯಾಟ್ ಬಾರ್ ತಂದೆ, ಅಷ್ಟೆ. ಕೆನ್ಸಿಂಗ್ಟನ್ನಿನ ಗಿರಣಿ ಕಾರ್ಮಿಕರ ಆಟ ಅಮೆರಿಕದ ಅತಿದೊಡ್ಡ ವೇದಿಕೆ ಹತ್ತಿದ್ದು ಹೀಗೆ, ಬೇರೆ ಆಟದ ವೇಷ ಹಾಕಿಕೊಂಡು.

ಇಷ್ಟಾದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. 1950ರ ಆ ಗೆಲುವಿನಿಂದ ಅಮೆರಿಕದ ಫುಟ್‌ಬಾಲಿಗೆ ಏನು ಸಿಕ್ಕಿತು? ನನ್ನ ಮಟ್ಟಿಗೆ ಉತ್ತರ: ಆ ಗೆಲುವಿನಿಂದ ಏನೂ ಇಲ್ಲ. ಆಮೇಲೆ ನಲವತ್ತು ವರ್ಷ, ಅಂದರೆ 1990ರ ತನಕ, ಅಮೆರಿಕ ವಿಶ್ವಕಪ್ಪಿಗೇ ಹೋಗಲಿಲ್ಲ. ನಡುವೆ 1968ರಲ್ಲಿ ಹಣವಂತರ ನಾರ್ತ್ ಅಮೆರಿಕನ್ ಸಾಕರ್ ಲೀಗ್ ಹುಟ್ಟಿತು. 1975ರಲ್ಲಿ ಪೆಲೆಯೇ ಬಂದು ಆಡಿದರು, ಸ್ಟೇಡಿಯಂಗಳು ತುಂಬಿದವು. 1984ರ ಸೀಸನ್ ಮುಗಿಯುವಷ್ಟರಲ್ಲಿ ಆ ಲೀಗ್ ಕಥೆಯೂ ಮುಗಿಯಿತು. ಈಗಿನ ಮೇಜರ್ ಲೀಗ್ ಸಾಕರ್ ಶುರುವಾಗುವ 1996ರ ತನಕ ಆ ಮಟ್ಟದ ಇನ್ನೊಂದು ಲೀಗ್ ಅಲ್ಲಿರಲಿಲ್ಲ. ಲೀಗುಗಳು ಹುಟ್ಟಿ ಸಾಯುತ್ತಿದ್ದಾಗ ನಿಲ್ಲದೆ ನಡೆದದ್ದು ಶಾಲೆ, ಕಾಲೇಜುಗಳ ಮೈದಾನ. 1990ರಲ್ಲಿ ಇಟಲಿಗೆ ಹೋದ ಅಮೆರಿಕ ತಂಡದ ಟೋನಿ ಮಿಯೋಲಾ, ಜಾನ್ ಹಾರ್ಕ್ಸ್, ಟ್ಯಾಬ್ ರಾಮೋಸ್, ಪಾಲ್ ಕ್ಯಾಲಿಜಿಯುರಿ ಎಲ್ಲರೂ ಕಾಲೇಜು ಮೈದಾನದಿಂದ ಬಂದವರು. ಆ ತಂಡದ ಕೋಚ್ ಬಾಬ್ ಗಾನ್ಸ್ಲರ್ ಕೂಡ ಕಾಲೇಜು ಕೋಚ್ ಆಗಿದ್ದವರೇ.

ಆ ಮೈದಾನಗಳನ್ನು ಹಸಿರಾಗಿಟ್ಟವರಲ್ಲಿ 1950ರ ತಂಡದವರೂ ಇದ್ದರು ಎಂಬುದೇ ನನಗೆ ಇಲ್ಲಿ ಮುಖ್ಯ. ಬಾರ್ ಒಬ್ಬರೇ ಅಲ್ಲ. ಅಂಚೆ ಇಲಾಖೆಯ ಹ್ಯಾರಿ ಕಿಯೋ ಸೇಂಟ್ ಲೂಯಿ ವಿಶ್ವವಿದ್ಯಾಲಯದ ಕೋಚ್ ಆಗಿ 1967ರಿಂದ 1973ರೊಳಗೆ ಐದು ಸಲ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು. ಜೆಫ್ರಿ ಮೊದಲೇ ಕಾಲೇಜಿನವರು. ಇಂಗ್ಲೆಂಡನ್ನು ಸೋಲಿಸಿದ ದಿನ ಅಂಗಳದಲ್ಲೂ ಅಂಗಳದ ಅಂಚಿನಲ್ಲೂ ಒಟ್ಟು ಮೂವರು ಕಾಲೇಜು ಕೋಚುಗಳಿದ್ದರು, ಒಬ್ಬರು ಆಗಿದ್ದವರು, ಇಬ್ಬರು ಮುಂದೆ ಆಗುವವರು. ಜಗತ್ತು ಆ ಗೋಲನ್ನು ಪವಾಡ ಎನ್ನುತ್ತದೆ. ಪವಾಡಕ್ಕೆ ಎರಡನೇ ಕಂತು ಇರುವುದಿಲ್ಲ. ಬಾರ್, ಕಿಯೋ ಮುಂದಿನ ವರ್ಷಗಳಲ್ಲಿ ಮಾಡಿದ್ದಕ್ಕೆ ಕಂತುಗಳಿದ್ದವು, ಪ್ರತಿ ಆಗಸ್ಟಿನಲ್ಲಿ ಹೊಸ ಬ್ಯಾಚು ಬರುತ್ತಿತ್ತು.

1988ರ ಜುಲೈನಲ್ಲಿ 1994ರ ವಿಶ್ವಕಪ್ ಅಮೆರಿಕದಲ್ಲಿ ನಡೆಯುವುದೆಂದು ತೀರ್ಮಾನವಾಯಿತು. ಅದೇ ವರ್ಷದ ಸೀಸನ್ ಮುಗಿಸಿ ಬಾರ್ ನಿವೃತ್ತರಾದರು. ಆಮೇಲೆ ಅವರನ್ನು ಹುಡುಕಿಕೊಂಡು ವರದಿಗಾರರು ಬರತೊಡಗಿದರು. 2005ರಲ್ಲಿ ಆ ಪಂದ್ಯದ ಬಗ್ಗೆ ಒಂದು ಚಲನಚಿತ್ರವೂ ಬಂತು. ಜೊತೆಗಾರರು ಒಬ್ಬೊಬ್ಬರಾಗಿ ಹೋದರು. 2012ರಲ್ಲಿ ಕಿಯೋ, 2015ರಲ್ಲಿ ಬೋರ್ಗಿ. ಕೊನೆಗೆ ಎಲ್ಲರ ಪರವಾಗಿ ನೆನಪು ಹೇಳಲು ಉಳಿದವರು ಬಾರ್ ಒಬ್ಬರೇ. 2018ರಲ್ಲಿ, ಪೆನ್ ಸ್ಟೇಟ್‌ಗೆ ಹತ್ತಿರದ ಬೋಲ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಅವರು ಕಣ್ಮುಚ್ಚಿದಾಗ ವಿಶ್ವಕಪ್ ನಡೆಯುತ್ತಿತ್ತು. ಅಮೆರಿಕ ಅದರಲ್ಲಿ ಇರಲಿಲ್ಲ. ಅರ್ಹತಾ ಸುತ್ತಿನ ಕೊನೆಯ ಪಂದ್ಯದಲ್ಲಿ ಟ್ರಿನಿಡಾಡ್ ಎದುರು ಸೋತಿತ್ತು.

ಇಷ್ಟನ್ನು ಓದಿ ಮುಗಿಸಿದ ಮೇಲೆ ಹೈಸ್ಕೂಲಿನ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ನಮ್ಮ ಪಿ.ಟಿ. ಮೇಷ್ಟ್ರು ಯಾವ ತಂಡಕ್ಕೆ ಆಡುತ್ತಿದ್ದರು, ಯಾವ ಸ್ಥಾನದಲ್ಲಿ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅವರು ತೀರಿಕೊಂಡು ಆರು ವರ್ಷವಾಯಿತು ಎಂದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗಾಲಲ್ಲಿ ಒದೆಯೋದು ನಂಗೆ ಅವರೇ ಕಲಿಸಿದ್ದು ಕಣೋ" ಎಂದ. ಅವನು ಈಗ ಭಾನುವಾರ ಬೆಳಿಗ್ಗೆ ತನ್ನ ಮಗಳಿಗೆ ಅದನ್ನೇ ಕಲಿಸುತ್ತಿದ್ದಾನಂತೆ.